ಆಟದ ಗಂಟೆಯ ಅಳಲು

ಪರೀಕ್ಷೆ ಸಮೀಪಿಸಿದೊಡನೆ ಪ್ರಾಥಮಿಕ ಶಾಲೆಗಳಲ್ಲಿ ಮೊದಲು ಬಲಿಯಾಗುವುದು ಆಟದ ಗಂಟೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಅಂಗಸಾಧನೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಸಾರಿರುವರು. ಓಟ, ನೆಗೆತ, ಎಸೆತಗಳು ವಯಸ್ಸಿನೊಡನೆ ತಾವಾಗಿ ಪಕ್ವವಾಗತಕ್ಕವಲ್ಲ. ಅಕ್ಷರದಂತೆಯೇ ತಿದ್ದಿಸಿ ಕಲಿಸತಕ್ಕವು.

2009ರ ಶಿಕ್ಷಣ ಹಕ್ಕು ಕಾಯಿದೆಯು ಎಲ್ಲ ಶಾಲೆಗೂ ಆಟದ ಬಯಲನ್ನು ವಿಧಿಸಿತು. ಆದರೆ ವ್ಯಾಯಾಮ ಬೋಧಕರನ್ನು ವಿಧಿಸಿದುದು 6ರಿಂದ 8ನೆಯ ತರಗತಿಗಳಿಗೆ, ಅದೂ ಮಕ್ಕಳು 100ಕ್ಕೆ ಮೀರಿದ್ದರೆ ಮಾತ್ರ. ಹಾಗಾದರೆ ಎಳೆಯರ ಗತಿಯೇನು?

ಇದಕ್ಕೆ ಹೆಚ್ಚಿನ ದ್ರವ್ಯ ಬೇಡ. ಕುಂಟೆಬಿಲ್ಲೆಯು ಸಮತೋಲವನ್ನೂ, ಲಗೋರಿಯು ಗುರಿಯನ್ನೂ, ಖೋಖೋ ಚುರುಕನ್ನೂ ಕಲಿಸಬಲ್ಲವು. ತರಗತಿಯ ಉಪಾಧ್ಯಾಯರಿಗೇ ಇವುಗಳಲ್ಲಿ ತರಬೇತಿಯಿತ್ತು, ಆಟದ ಗಂಟೆಯನ್ನು ಪಾಠಕ್ಕೆ ಕಸಿಯದಂತೆ ಅಧಿಕಾರಿಗಳು ಕಟ್ಟಪ್ಪಣೆ ಮಾಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಮೈ ಬಳಲಿದ ಪ್ರಜೆಗಳಿಂದ ನಾಡು ಏಳಲಾರದು.