ದೂರು ಹೊತ್ತು ಬಂದವಳಿಗೆ ಯಾವ ಬಾಗಿಲು ತೆರೆದಿದೆ?

2025ರ ಜುಲೈ 12ರಂದು ಒಡಿಶಾದ ಬಾಲಾಸೋರ್‌ನ ಫಕೀರ್ ಮೋಹನ್ ಕಾಲೇಜಿನ ಆವರಣದಲ್ಲೇ 20 ವರ್ಷದ ಬಿ.ಎಡ್. ವಿದ್ಯಾರ್ಥಿನಿಯೊಬ್ಬಳು ಮೈಗೆ ಬೆಂಕಿ ಹಚ್ಚಿಕೊಂಡಳು. ಎರಡು ದಿನಗಳ ನಂತರ ಭುವನೇಶ್ವರದ ಏಮ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡಳು. ತನ್ನ ವಿಭಾಗದ ಮುಖ್ಯಸ್ಥರಿಂದ ಲೈಂಗಿಕ ಕಿರುಕುಳವಾಗುತ್ತಿದೆ ಎಂದು ಆಕೆ ಅದಕ್ಕೂ ಮೊದಲೇ ಕಾಲೇಜಿಗೆ ದೂರು ಕೊಟ್ಟಿದ್ದಳು. ಘಟನೆಯ ಬಳಿಕ ವಿಭಾಗದ ಮುಖ್ಯಸ್ಥರನ್ನೂ ಪ್ರಾಂಶುಪಾಲರನ್ನೂ ಪೊಲೀಸರು ಬಂಧಿಸಿದರು.

"ಹುಡುಗಿಯರು ಬಾಯಿ ಬಿಡುವುದಿಲ್ಲ, ಹೇಳಿದರೆ ತಾನೇ ಗೊತ್ತಾಗುವುದು?" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈಕೆ ಬಾಯಿ ಬಿಟ್ಟಿದ್ದಳು. ಸೋತದ್ದು ಕೇಳಬೇಕಾದವರು.

ನಮ್ಮ ಕರಾವಳಿ ವಿದ್ಯೆಯ ನಾಡು. ಮಂಗಳೂರು, ಮಣಿಪಾಲ, ಮೂಡುಬಿದಿರೆ, ಉಜಿರೆಗಳಲ್ಲಿ ಸಾವಿರಾರು ಮಕ್ಕಳು ಮನೆ ಬಿಟ್ಟು ಹಾಸ್ಟೆಲ್, ಪಿ.ಜಿ.ಗಳಲ್ಲಿದ್ದಾರೆ. 2013ರ ಜೂನ್‌ನಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯ ಮೇಲೆ ನಡೆದ ಅತ್ಯಾಚಾರವನ್ನು ನಾವು ಮರೆತಿಲ್ಲ. ಆ ಪ್ರಕರಣದಲ್ಲಿ 2015ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಹೀಗಿರುವಾಗ ಮಕ್ಕಳಿಗೂ ಹೆತ್ತವರಿಗೂ ಲಭ್ಯವಿರುವ ದಾರಿಗಳು ಯಾವುವು ಎಂದು ತಿಳಿದಿರುವುದು ಅಗತ್ಯ.

ಕಾಲೇಜಿನ ಒಳಗೆ

1997ರ ವಿಶಾಖಾ ತೀರ್ಪು, 2013ರ ಕಾಯಿದೆ ಮತ್ತು ಯುಜಿಸಿಯ 2015ರ ನಿಯಮಗಳ ಪ್ರಕಾರ ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಹಿರಿಯ ಅಧ್ಯಾಪಕಿಯದ್ದು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು, ವಿದ್ಯಾರ್ಥಿಗಳ ವಿಷಯವಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಪ್ರಾಂಶುಪಾಲರಂಥ ಆಡಳಿತದ ಹಿರಿಯರು ಇದರಲ್ಲಿ ಕೂರುವಂತಿಲ್ಲ.

ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆರೋಪ ಹೊತ್ತ ಅಧ್ಯಾಪಕರು ಆಕೆಯ ಉತ್ತರ ಪತ್ರಿಕೆ ತಿದ್ದದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. "ಇಂಟರ್ನಲ್ ಮಾರ್ಕು ಅವರ ಕೈಯಲ್ಲಿದೆ" ಎಂಬ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ಸುಮ್ಮನಿರುತ್ತಾರೆ. ಅವರಿಗೆ ಈ ವಿಷಯ ತಿಳಿಯಬೇಕು. ದೂರು ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ ಎಂಬುದನ್ನೂ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಸಮಿತಿ ಹೆಸರಿಗೆ ಮಾತ್ರ ಇದ್ದರೆ ಸಾಲದು. ನೆರೆಯ ಗೋವಾ ವಿಶ್ವವಿದ್ಯಾಲಯದ ಪ್ರಕರಣ ಇದಕ್ಕೆ ಸಾಕ್ಷಿ. 2009ರಲ್ಲಿ ವಿದ್ಯಾರ್ಥಿನಿಯರು ಪ್ರಾಧ್ಯಾಪಕರೊಬ್ಬರ ವಿರುದ್ಧ ದೂರು ಕೊಟ್ಟರು. ಸಮಿತಿ 39 ದಿನಗಳಲ್ಲಿ 18 ಸಭೆ ನಡೆಸಿ ವಿಚಾರಣೆ ಮುಗಿಸಿತು. ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆತ ನಿರಪರಾಧಿ ಎಂದು ಕೋರ್ಟ್ ಹೇಳಲಿಲ್ಲ. ತರಾತುರಿಯಲ್ಲಿ ಆತನಿಗೆ ತಕ್ಕ ಅವಕಾಶ ಸಿಗಲಿಲ್ಲ ಎಂದು ಹೇಳಿ ವಿಚಾರಣೆಯನ್ನು ಹಿಂದಕ್ಕೆ ಕಳುಹಿಸಿತು. ಸಮಿತಿಗೆ ತರಬೇತಿ ಇಲ್ಲದಿದ್ದರೆ ದೂರು ಕೊಟ್ಟವರಿಗೂ ಅನ್ಯಾಯ, ಆರೋಪ ಹೊತ್ತವರಿಗೂ ಅನ್ಯಾಯ.

ಪೊಲೀಸ್ ಮತ್ತು ಆಸ್ಪತ್ರೆ

ಸಮಿತಿಗೆ ದೂರು ಕೊಟ್ಟರೆ ಪೊಲೀಸರ ಬಳಿ ಹೋಗಬಾರದೆಂದಿಲ್ಲ. ಎರಡೂ ದಾರಿ ಒಟ್ಟಿಗೇ ತೆರೆದಿವೆ. ಅತ್ಯಾಚಾರದಂಥ ಅಪರಾಧದಲ್ಲಿ ಕಾಲೇಜಿನ ಸಮಿತಿ ಪೊಲೀಸರ ಸ್ಥಾನ ತುಂಬಲಾರದು. ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಎಫ್.ಐ.ಆರ್. ದಾಖಲಿಸಬಹುದು. ಸಂತ್ರಸ್ತೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು.

ಅದಕ್ಕಿಂತಲೂ ಮೊದಲು ಬೇಕಾದದ್ದು ಚಿಕಿತ್ಸೆ. ಸರಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಂದು ಆಸ್ಪತ್ರೆ ಅತ್ಯಾಚಾರ ಸಂತ್ರಸ್ತೆಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಚರ್ಚಿನ ಆಸ್ಪತ್ರೆಗಳಿಗೂ ಈ ಕಾನೂನು ಅನ್ವಯಿಸುತ್ತದೆ. ಎಚ್.ಐ.ವಿ. ತಡೆಯುವ ಔಷಧಿ 72 ಗಂಟೆಗಳೊಳಗೆ ಆರಂಭವಾಗಬೇಕು. ಸಾಧ್ಯವಾದರೆ ಪರೀಕ್ಷೆಗೆ ಮೊದಲು ಸ್ನಾನ ಮಾಡಬಾರದು, ಬಟ್ಟೆ ಒಗೆಯಬಾರದು. ಆದರೆ ಸ್ನಾನ ಮಾಡಿಯಾಗಿದೆ ಎಂದು ಆಸ್ಪತ್ರೆಗೆ ಹೋಗದೆ ಇರಬಾರದು. ಅವಮಾನಕರವಾದ ಎರಡು ಬೆರಳಿನ ಪರೀಕ್ಷೆಯನ್ನು ಮಾಡಲೇಬಾರದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಕಟ್ಟುನಿಟ್ಟಾಗಿ ಹೇಳಿದೆ.

ನೆನಪಿಡಬೇಕಾದ ಸಂಖ್ಯೆಗಳು ಮೂರು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಚಿಕಿತ್ಸೆ, ಆಪ್ತ ಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ಆಶ್ರಯಗಳನ್ನು ಒಂದೇ ಕಡೆ ಒದಗಿಸಲು ಸಖಿ ಕೇಂದ್ರಗಳಿವೆ.

ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಅಪರಾಧ. 2024ರ ಡಿಸೆಂಬರ್‌ನಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಧೈರ್ಯದಿಂದ ದೂರು ಕೊಟ್ಟಾಗ ಆಕೆಯ ವಿವರಗಳಿದ್ದ ಎಫ್.ಐ.ಆರ್. ಸೋರಿಕೆಯಾಯಿತು. ಆಕೆಗೆ 25 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಮದ್ರಾಸ್ ಹೈಕೋರ್ಟ್ ಸರಕಾರಕ್ಕೆ ಆದೇಶಿಸಿತು. 2025ರ ಜೂನ್‌ನಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು. ಅಂದರೆ ದೂರು ಕೊಟ್ಟ ಐದಾರು ತಿಂಗಳಲ್ಲೇ ನ್ಯಾಯ ಸಿಗುವುದೂ ಸಾಧ್ಯ. ನಾವು ಮಾತ್ರ ವಾಟ್ಸಾಪ್‌ನಲ್ಲಿ "ಯಾರ ಮಗಳಂತೆ?" ಎಂದು ಕೇಳುವುದನ್ನು ಬಿಡಬೇಕು.

ಧರ್ಮಕೇಂದ್ರಗಳು ಏನು ಮಾಡಬಹುದು?

ಇಂಥ ವಿಷಯ ಅನೇಕ ಸಲ ಮೊದಲು ಬರುವುದು ಗುರುಗಳ ಬಂಗ್ಲೆಗೆ, ಕಾನ್ವೆಂಟಿಗೆ ಅಥವಾ ವಾಳೆಯ ಗುರಿಕಾರರ ಮನೆಗೆ. ಅಲ್ಲಿ ಈ ನಾಲ್ಕು ವಿಷಯಗಳನ್ನು ನೆನಪಿಡೋಣ.

1. ರಾಜಿ ಪಂಚಾತಿಕೆ ಬೇಡ. ಅತ್ಯಾಚಾರದ ಪ್ರಕರಣ ಮಾತುಕತೆಯಲ್ಲಿ ಮುಗಿಯುವಂಥದ್ದಲ್ಲ. ಕಿರುಕುಳದ ದೂರಿನಲ್ಲೂ ದೂರುದಾರಳು ತಾನಾಗಿ ಕೇಳಿದರೆ ಮಾತ್ರ ಸಮಿತಿ ಸಂಧಾನಕ್ಕೆ ಮುಂದಾಗಬಹುದು. ಹಣ ಕೊಟ್ಟು ಮುಗಿಸುವಂತಿಲ್ಲ.

2. ಹದಿನೆಂಟು ತುಂಬದವರ ವಿಷಯವಾದರೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಇದು ಪೋಕ್ಸೋ ಕಾಯಿದೆಯ ಕಡ್ಡಾಯ. ಪಿ.ಯು.ಸಿ. ಮಕ್ಕಳಲ್ಲಿ ಹೆಚ್ಚಿನವರು ಈ ವಯಸ್ಸಿನವರು.

3. ವಯಸ್ಕಳಾದರೆ ನಿರ್ಧಾರ ಆಕೆಯದ್ದು. ನಾವು ಜೊತೆಗೆ ಹೋಗಬಹುದು, ಒತ್ತಾಯಿಸಬಾರದು, ತಡೆಯಲೂ ಬಾರದು.

4. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಆದುದರಿಂದ ನೊಂದವರು ಅದನ್ನು ಹೊರಗೆ ಬಂದು ಹೇಳುವಂತೆ ಪ್ರೋತ್ಸಾಹಿಸಬೇಕು. ಅನ್ಯಾಯಕ್ಕೊಳಗಾದದ್ದು ಆಕೆಯ ಪಾಪವಲ್ಲ ಎಂದು ಅಲ್ಲೇ ಸ್ಪಷ್ಟವಾಗಿ ಹೇಳಬೇಕು.

ಊರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಧರ್ಮಸಭೆಯೊಳಗೇ ದೂರುಗಳನ್ನು ಮುಚ್ಚಿಟ್ಟ ನೋವಿನ ಇತಿಹಾಸವಿದೆ. ಆ ಕಾರಣದಿಂದಲೇ ಪೋಪ್ ಫ್ರಾನ್ಸಿಸ್ 2019ರಲ್ಲಿ ದೂರು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲಿ ಇರಬೇಕೆಂದು ಆದೇಶಿಸಿದರು. 2023ರಲ್ಲಿ ಆ ನಿಯಮಗಳನ್ನು ಶಾಶ್ವತಗೊಳಿಸಿದರು. ನಮ್ಮ ಕಾಲೇಜುಗಳ ಸಮಿತಿಯ ಸದಸ್ಯರ ಹೆಸರು ಫಲಕದಲ್ಲಿದೆಯೇ? ಕ್ಲಾಸಿನ ಕೊನೆಯ ಬೆಂಚಿನ ಹುಡುಗಿಗೆ ಅವರು ಯಾರೆಂದು ಗೊತ್ತೇ? ಪಾಲನಾ ಮಂಡಳಿಗಳೂ ಸ್ತ್ರೀ ಸಂಘಟನೆಗಳೂ ಈ ಪ್ರಶ್ನೆ ಕೇಳಲಿ.

ಬೈಬಲಿನ ಸಮುವೇಲನ ಎರಡನೆಯ ಗ್ರಂಥದಲ್ಲಿ ತಾಮಾರಳ ಕಥೆಯಿದೆ. ಅನ್ಯಾಯವಾದ ಮೇಲೆ ಆಕೆ ಗಟ್ಟಿಯಾಗಿ ಅಳುತ್ತಾ ಹೊರಗೆ ಬಂದಳು. ಅಣ್ಣನು ಸುಮ್ಮನಿರು ಎಂದನು. ತಂದೆ ದಾವೀದನು ಕೋಪಗೊಂಡನೇ ಹೊರತು ಏನೂ ಮಾಡಲಿಲ್ಲ. ಆ ಮನೆ ಮುಂದೆ ರಕ್ತಪಾತದಲ್ಲಿ ಒಡೆದು ಹೋಯಿತು. ನಮ್ಮ ಮನೆ, ನಮ್ಮ ಕಾಲೇಜು, ನಮ್ಮ ಚರ್ಚಿನ ಬಾಗಿಲಿಗೆ ತಾಮಾರಳು ಬಂದಾಗ ಆಕೆಯನ್ನು ಒಳಗೆ ಕರೆದು, ಕುಳ್ಳಿರಿಸಿ, ಕೇಳುವ ಕೃಪೆಯನ್ನು ಪ್ರಭು ನಮಗೆ ದಯಪಾಲಿಸಲಿ.