ಮುಚ್ಚಳ ತೆರೆದು ನೋಡುವ ಮುನ್ನ



ಮನೆ ಭೇಟಿಗೆ ಹೋದಾಗ ಅಡುಗೆಮನೆಯ ಸಂಕಟಗಳೂ ನಮ್ಮ ಕಿವಿಗೆ ಬೀಳುವುದುಂಟು. ಕುಂಬಳೆ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು, "ಫಾದರ್, ಈ ಪೆಟ್ಟಿಗೆಗೆ ಕೊಟ್ಟ ದುಡ್ಡು ದಂಡ. ಕುಚ್ಚಲಕ್ಕಿ ಬೇಯುವುದೇ ಇಲ್ಲ, ಮತ್ತೆ ಗ್ಯಾಸಿನ ಮೇಲೆಯೇ ಇಡಬೇಕು. ಸಿಲಿಂಡರ್ ಒಂದು ತಿಂಗಳೂ ಬರುವುದಿಲ್ಲ" ಎಂದು ದೂರಿದರು. ಅದು ಥರ್ಮಲ್ ಕುಕ್ಕರ್. ಕುದಿಸಿದ ಅನ್ನದ ಪಾತ್ರೆಯನ್ನು ಒಳಗಿಟ್ಟು ಮುಚ್ಚಿದರೆ ಉರಿಯಿಲ್ಲದೆ ಬೇಯಬೇಕು.

"ನಡುವೆ ತೆರೆದು ನೋಡುತ್ತೀರಾ?" ಎಂದು ಕೇಳಿದೆವು.

"ಮತ್ತೆ ನೋಡದೆ ಗೊತ್ತಾಗುವುದು ಹೇಗೆ? ಗಳಿಗೆಗೊಮ್ಮೆ ನೋಡುತ್ತೇನೆ."

ರೋಗ ಅಲ್ಲೇ ಇತ್ತು.

ಶಾಖದ ಲೆಕ್ಕ ಹಾಕುವಾಗ ವಿಜ್ಞಾನಿಗಳು ತಾವು ಗಮನಿಸುವ ವಸ್ತುವನ್ನು 'ವ್ಯವಸ್ಥೆ' ಎಂದೂ ಅದರ ಹೊರಗಿನದನ್ನೆಲ್ಲ 'ಪರಿಸರ' ಎಂದೂ ಕರೆಯುತ್ತಾರೆ. ಮುಚ್ಚಳವಿಲ್ಲದ ಪಾತ್ರೆ ತೆರೆದ ವ್ಯವಸ್ಥೆ: ಶಾಖವೂ ಹೋಗುತ್ತದೆ, ಹಬೆಯಾಗಿ ನೀರೂ ಹೋಗುತ್ತದೆ. ಬಿಗಿಯಾಗಿ ಮುಚ್ಚಿದರೆ ನೀರು ಒಳಗುಳಿದು ಶಾಖ ಮಾತ್ರ ಸೋರುತ್ತದೆ. ಇದು ಮುಚ್ಚಿದ ವ್ಯವಸ್ಥೆ. ಯಾವುದೂ ದಾಟದಿದ್ದರೆ ಪ್ರತ್ಯೇಕಿತ ವ್ಯವಸ್ಥೆ. ಅಂಥದ್ದು ಪರಿಪೂರ್ಣವಾಗಿ ಯಾರ ಮನೆಯಲ್ಲೂ ಇಲ್ಲ. 1892ರಲ್ಲಿ ಜೇಮ್ಸ್ ದೇವಾರ್ ಎರಡು ಗೋಡೆಗಳ ನಡುವಿನ ಗಾಳಿ ತೆಗೆದು ಮಾಡಿದ ಪಾತ್ರೆಯೇ ನಮ್ಮ ಫ್ಲಾಸ್ಕಿನ ಮೂಲ. ಅದರಲ್ಲೂ ಚಹಾ ಕೊನೆಗೆ ಆರುತ್ತದೆ. ಅಜ್ಜಿಯ ಪೆಟ್ಟಿಗೆಯೂ ಅದೇ ಜಾತಿಯದು.

ಇನ್ನು ಹಬೆಯ ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 70 ಕಿಲೋಕ್ಯಾಲರಿ ಸಾಕು. ಅದನ್ನು ಪೂರ್ತಿ ಹಬೆ ಮಾಡಲು ಮತ್ತೆ 540 ಬೇಕು, ಅಂದರೆ ಹೆಚ್ಚುಕಡಿಮೆ ಎಂಟು ಪಾಲು! ತೆರೆದ ಪಾತ್ರೆಯಲ್ಲಿ ಎಷ್ಟು ಉರಿ ಕೊಟ್ಟರೂ ನೀರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೆಚ್ಚಿನ ಉರಿಯೆಲ್ಲ ಹಬೆಯಾಗಿ ಕಿಟಕಿ ದಾಟುತ್ತದೆ, ಅನ್ನ ಬೇಗ ಬೇಯುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿ ಹಬೆಯನ್ನು ಹಿಡಿದಿಡುವುದರಿಂದ ಬಿಸಿ ಸುಮಾರು 120 ಡಿಗ್ರಿಗೆ ಏರುತ್ತದೆ. ಮೊದಲ ಸೀಟಿಯ ಬಳಿಕ ಉರಿ ತಗ್ಗಿಸಬೇಕು. ಒತ್ತಡ ಇಳಿಯದೆ ಮುಚ್ಚಳಕ್ಕೆ ಕೈ ಹಾಕಲೇಬಾರದು.

ಮನುಷ್ಯನ ದೇಹವೂ ತೆರೆದ ವ್ಯವಸ್ಥೆಯೇ. ಸುಮ್ಮನೆ ಕುಳಿತವರೂ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತಾರೆ. 300 ಮಂದಿ ಸೇರಿದರೆ ಇಗರ್ಜಿಯೊಳಗೆ 30 ಕಿಲೋವ್ಯಾಟ್. ಬೆವರಿದವರು ನಮ್ಮ ಪ್ರವಚನವೊಂದನ್ನೇ ದೂರಬೇಕಾಗಿಲ್ಲ!

ಅಜ್ಜಿಗೆ ನಾವು ಹೇಳಿದ್ದು ಇಷ್ಟೇ: ಮುಚ್ಚಿಯೇ ಚೆನ್ನಾಗಿ ಕುದಿಸಿ, ಕುದಿಯುತ್ತಿರುವಾಗಲೇ ಪೆಟ್ಟಿಗೆಗಿಳಿಸಿ, ಹೊತ್ತಾಗುವವರೆಗೆ ಮುಟ್ಟಬೇಡಿ. ಪಾತ್ರೆ ತುಂಬಿರಲಿ, ಅರ್ಧ ಪಾತ್ರೆ ಬೇಗ ಆರುತ್ತದೆ. ಬೆಂದ ಅನ್ನವನ್ನು ಬಿಸಿಯಿರುವಾಗಲೇ ಉಣ್ಣಿ. ಉಗುರುಬೆಚ್ಚಗೆ ಇಡೀ ದಿನ ಇಟ್ಟರೆ ಹೊಟ್ಟೆ ಕೆಡಿಸುವ ರೋಗಾಣುಗಳು ಬೆಳೆಯುತ್ತವೆ.

ಮುಂದಿನ ಭೇಟಿಯಲ್ಲಿ ನಮಗೆ ಗಂಜಿ ಊಟ ಸಿಕ್ಕಿತು, ಅಗುಳು ಮೆತ್ತಗೆ ಬೆಂದಿತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಅರೆಯುವ ಗುಂಡುಕಲ್ಲು ಕುಳಿತಿತ್ತು. ಹಬೆ ಹೋಗದಿರಲೆಂದೋ ಎಂದು ಕೇಳಿದೆವು.

"ಇಲ್ಲ ಫಾದರ್, ಅದು ನನ್ನ ಕೈ ಹೋಗದಿರಲೆಂದು."