‘ಚಿಕ್ಕಂದಿನಿಂದ ಜೊತೆಯಲ್ಲೇ ಬೆಳೆದಿವೆ’ ಎನ್ನುವವರಿಗೆ

ಗಪ್ಪಿ, ಮೋಲಿ, ಟೆಟ್ರಾಗಳಂಥ ಸಾಧು ಮೀನುಗಳಿರುವ ತೊಟ್ಟಿಗೆ ಆಸ್ಕರ್, ಕನ್ವಿಕ್ಟ್, ಫ್ಲವರ್‌ಹಾರ್ನ್‌ಗಳಂಥ ಜಗಳಗಂಟ ಮೀನುಗಳನ್ನು ಬಿಡಬೇಡಿ ಎಂದರೆ ಅಕ್ವೇರಿಯಂ ಹವ್ಯಾಸಿಗಳಲ್ಲಿ ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ಅವರ ಬಳಿ ಸಿದ್ಧ ಉತ್ತರಗಳಿವೆ. ಕೇಳುವುದಕ್ಕೆ ಅನುಭವದ ಮಾತಿನಂತಿರುವುದರಿಂದ ಹೊಸದಾಗಿ ತೊಟ್ಟಿ ಇಟ್ಟವರು ಅವನ್ನು ನಂಬಿಬಿಡುತ್ತಾರೆ. ಅನುಭವಿಸುವುದು ಮೀನುಗಳು. ಆ ಉತ್ತರಗಳನ್ನು ಇಲ್ಲಿ ಒಂದೊಂದಾಗಿ ಪರೀಕ್ಷಿಸುತ್ತೇನೆ, ತೀರ್ಪು ಓದುಗರದು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಾದ: ‘ಮರಿಗಳಾಗಿದ್ದಾಗಿನಿಂದ ಒಟ್ಟಿಗೆ ಬೆಳೆದರೆ ಹೊಂದಿಕೊಳ್ಳುತ್ತವೆ.’ ಅಂಗಡಿಯಲ್ಲಿ ಎರಡು ಇಂಚಿನ ಮರಿಯಾಗಿ ಸಿಗುವ ಆಸ್ಕರ್, ಸರಿಯಾಗಿ ಬೆಳೆದರೆ ಒಂದಡಿಯಾಗುತ್ತದೆ. ನಿಯಾನ್ ಟೆಟ್ರಾ ಎಷ್ಟು ವರ್ಷ ಬದುಕಿದರೂ ಒಂದೂವರೆ ಇಂಚು ದಾಟುವುದು ಅಪರೂಪ. ಮರಿಯಾಗಿದ್ದಾಗ ಆಸ್ಕರ್ ಟೆಟ್ರಾವನ್ನು ನುಂಗದಿರುವುದು ಸ್ನೇಹದಿಂದಲ್ಲ, ಬಾಯಿ ಸಾಲದ್ದರಿಂದ. ಇನ್ನು ಜಾಗಕ್ಕಾಗಿ ಕಾದಾಡುವ ಗುಣ ಆಸ್ಕರ್, ಕನ್ವಿಕ್ಟ್‌ಗಳು ಸೇರಿದ ಸಿಕ್ಲಿಡ್ ಕುಟುಂಬದ ಮೀನುಗಳಲ್ಲಿ ಬಲಿಯುವುದೇ ಅವು ಪ್ರಾಯಕ್ಕೆ ಬಂದಮೇಲೆ, ಜೋಡಿ ಕೂಡಿ ಮೊಟ್ಟೆ ಇಡುವ ಕಾಲಕ್ಕೆ. ಅಲ್ಲಿಯವರೆಗಿನ ಶಾಂತಿಯನ್ನು ಪುರಾವೆಯೆಂದು ತೋರಿಸುವುದು ಪರೀಕ್ಷೆಗೆ ಮೊದಲೇ ಫಲಿತಾಂಶ ಹೇಳಿದಂತೆ. ಕನ್ವಿಕ್ಟ್ ಸಿಕ್ಲಿಡ್‌ಗಳನ್ನು ಸಾಕಿದವರಿಗೆ ಇನ್ನೂ ಒಂದು ಸಂಗತಿ ಗೊತ್ತು. ವಾರಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾದ ತನ್ನವೇ ಮರಿಗಳನ್ನು ಆ ಜೋಡಿ ಮುಂದಿನ ಮೊಟ್ಟೆಗಳ ಹೊತ್ತಿಗೆ ಅಟ್ಟಾಡಿಸಿ ಓಡಿಸುತ್ತದೆ, ಕೆಲವೊಮ್ಮೆ ತಿಂದೇಬಿಡುತ್ತದೆ. ಸ್ವಂತ ಮರಿಗಳಿಗೇ ಇಲ್ಲದ ರಿಯಾಯಿತಿಯನ್ನು ಅದು ಪಕ್ಕದ ಮೋಲಿಗೆ ಏಕೆ ಕೊಡಬೇಕು? ಇದಕ್ಕೆ ಎದುರು ಪಕ್ಷದವರಿಂದ ಉತ್ತರ ಬಂದದ್ದಿಲ್ಲ.

‘ಅಂಗಡಿಯಲ್ಲಿ ಎಲ್ಲವೂ ಒಂದೇ ತೊಟ್ಟಿಯಲ್ಲಿ ಇದ್ದವಲ್ಲ!’ ಎನ್ನುವುದು ಎರಡನೆಯದು. ಇದ್ದವು ನಿಜ, ಎಷ್ಟು ದಿನ? ಅಂಗಡಿಯ ತೊಟ್ಟಿ ಮಾರಾಟದ ಜಾಗ. ಅಲ್ಲಿ ಮೀನು ಕೆಲವು ದಿನ ಇದ್ದು ಹೋಗುತ್ತದೆ. ಸಾಗಣೆಯಿಂದ ಬಳಲಿದ ಮರಿಗಳು, ಕಿಕ್ಕಿರಿದ ಗುಂಪು, ಅಡಗಲು ಕಲ್ಲಿಲ್ಲ, ಗಿಡವಿಲ್ಲ. ಯಾವ ಮೀನಿಗೂ ‘ಇದು ನನ್ನ ಜಾಗ’ ಎಂದು ಹಿಡಿದು ಕೂರುವುದಕ್ಕೆ ಅಲ್ಲಿ ಎಡೆಯೇ ಇಲ್ಲ. ಅದೇ ಅಂಗಡಿಯ ಇನ್ನೊಂದು ಗೋಡೆಯನ್ನೂ ನೋಡಿ. ಫೈಟರ್ ಗಂಡುಗಳು ಒಂದೊಂದು ಪುಟ್ಟ ಬಾಟಲಿಯಲ್ಲಿ ಒಂಟಿಯಾಗಿರುತ್ತವೆ. ಎರಡು ಬಾಟಲಿಗಳ ನಡುವೆ ರಟ್ಟಿನ ತುಂಡು. ರಟ್ಟು ತೆಗೆದರೆ ಸಾಕು, ಎರಡೂ ಕಿವಿರಿನ ಮುಚ್ಚಳವನ್ನು ಕೊರಳ ಸುತ್ತ ಬಿಚ್ಚಿ, ರೆಕ್ಕೆಗಳನ್ನು ನಿಗುರಿಸಿ ಗಾಜಿಗೆ ಮುಖ ಕೊಟ್ಟು ನಿಲ್ಲುತ್ತವೆ. ಯಾವ ಮೀನನ್ನು ಬೇರೆ ಇಡಬೇಕು ಎಂಬುದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ತೊಟ್ಟಿಯನ್ನು ಸಾಕ್ಷಿಗೆ ಕರೆದವರು ಆ ಬಾಟಲಿಗಳನ್ನೂ ಕರೆಯಬೇಕಾಗುತ್ತದೆ.

‘ಹೊಟ್ಟೆ ತುಂಬಾ ಹಾಕಿದರೆ ಯಾರ ತಂಟೆಗೂ ಹೋಗುವುದಿಲ್ಲ’ ಎನ್ನುವವರು ಬೇಟೆಯನ್ನೂ ಕಾದಾಟವನ್ನೂ ಒಂದೇ ಎಂದು ತಿಳಿದಿದ್ದಾರೆ. ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1963ರಲ್ಲಿ ಪ್ರಕಟಿಸಿದ ಆಕ್ರಮಣಶೀಲತೆಯ ಕುರಿತ ಪುಸ್ತಕವನ್ನು ಹವಳದಿಬ್ಬದ ಮೀನುಗಳಿಂದಲೇ ಆರಂಭಿಸಿದ. ಅವು ಹೆಚ್ಚು ಕಾದಾಡುವುದು ತಮ್ಮದೇ ಜಾತಿಯವುಗಳ ಜೊತೆಗೆ, ಜಾಗಕ್ಕಾಗಿ. ಅದು ತಿನ್ನುವುದಕ್ಕಾಗಿ ನಡೆಯುವ ಜಗಳವಲ್ಲ. ಮೊಟ್ಟೆ ಕಾಯುವ ಮೀನು ಹತ್ತಿರ ಬಂದದ್ದನ್ನು ಕಚ್ಚುವುದು ಹಸಿವಿನಿಂದಲ್ಲವಾದ್ದರಿಂದ ಮೂರು ಹೊತ್ತು ತಿನ್ನಿಸಿದರೂ ಅದು ನಿಲ್ಲುವುದಿಲ್ಲ. ಹೆಚ್ಚಾಗಿ ಹಾಕಿದ ಆಹಾರ ತಳದಲ್ಲಿ ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ, ಅಷ್ಟೆ.

‘ಪ್ರಕೃತಿಯಲ್ಲಿ ಎಲ್ಲವೂ ಒಟ್ಟಿಗೇ ಇರುವುದಿಲ್ಲವೇ?’ ಯಾವ ಪ್ರಕೃತಿಯಲ್ಲಿ? ಆಸ್ಕರ್ ಅಮೆಜಾನ್ ಕಣಿವೆಯದು, ಟೈಗರ್ ಬಾರ್ಬ್ ಸುಮಾತ್ರಾ-ಬೋರ್ನಿಯೊ ಕಡೆಯದು, ಕನ್ವಿಕ್ಟ್ ಮಧ್ಯ ಅಮೆರಿಕದ್ದು. ಇವು ಒಂದನ್ನೊಂದು ಕಂಡದ್ದೇ ಮನೆಯ ತೊಟ್ಟಿಯಲ್ಲಿ. ವಾಸ್ತುವಿನ ಹೆಸರಿನಲ್ಲಿ, ಅದೃಷ್ಟದ ಮೀನೆಂದು ಮನೆಗೆ ಬರುವ ಫ್ಲವರ್‌ಹಾರ್ನ್ ಅಂತೂ ಯಾವ ನದಿಯದೂ ಅಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು ಬೆರೆಸಿ ಮಾಡಿದ ತಳಿ. ಹೊಳೆಯಲ್ಲಿ ಸೋತ ಮೀನು ಈಜಿ ದೂರ ಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು ಸುಮಾರು 56 ಲೀಟರ್ ನೀರು. ಅಲ್ಲಿ ಸೋತದ್ದು ಎಲ್ಲಿಗೆ ಹೋಗಬೇಕು?

‘ಗುಂಪಿನಲ್ಲಿಟ್ಟರೆ ಟೈಗರ್ ಬಾರ್ಬ್ ಯಾರನ್ನೂ ಕಾಡುವುದಿಲ್ಲ’ ಎಂಬ ಅವರ ಮಾತಿನಲ್ಲಿ ಅರ್ಧ ನಿಜವಿದೆ, ಒಪ್ಪುತ್ತೇನೆ. ಎಂಟು ಹತ್ತರ ಗುಂಪಿನಲ್ಲಿಟ್ಟರೆ ಅವು ತಮ್ಮತಮ್ಮಲ್ಲೇ ಅಟ್ಟಾಡಿಕೊಂಡು ಬೇರೆಯವನ್ನು ಕಾಡುವುದು ಕಡಿಮೆ. ಆದರೆ ಕಡಿಮೆಯಾಗುವುದಕ್ಕೂ ಇಲ್ಲವಾಗುವುದಕ್ಕೂ ಅಂತರವಿದೆ. ಗೌರಾಮಿಯ ಹೊಟ್ಟೆಯ ಕೆಳಗೆ ದಾರದಂತೆ ಇಳಿಬಿದ್ದ ಎರಡು ಎಳೆಗಳಿವೆ. ಸುತ್ತಲಿನದನ್ನು ಅದು ಮುಟ್ಟಿ ತಿಳಿಯುವುದು ಅವುಗಳಿಂದ. ಬಾರ್ಬ್‌ಗಳು ಮೊದಲು ಕಚ್ಚುವುದು ಅಂಥ ಎಳೆಗಳನ್ನೇ, ಆಮೇಲೆ ಏಂಜೆಲ್ ಮೀನಿನ ರೆಕ್ಕೆ, ಗಪ್ಪಿಯ ಬಾಲ. ಜೊತೆಗೆ ಈ ಗುಂಪಿನ ನಿಯಮವನ್ನು ಬಾಯಲ್ಲಿ ಹೇಳುವವರ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡೋ ಮೂರೋ ಬಾರ್ಬ್. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ಒತ್ತೊತ್ತಾಗಿ ಸಾಕುವ ಪದ್ಧತಿಯ ಉದಾಹರಣೆಯೂ ಹೀಗೆಯೇ. ಆ ಪದ್ಧತಿ ಇದೆ. ಆದರೆ ಅಲ್ಲಿ ಎಲ್ಲವೂ ಸಮಬಲದ ಮೀನುಗಳು, ತೊಟ್ಟಿ ತುಂಬ ಬಂಡೆಯ ಸಂದುಗಳು, ಗಡಸು ನೀರು, ಜೋರಾದ ಫಿಲ್ಟರ್. ಆ ತೊಟ್ಟಿಯೊಳಗೆ ಗಪ್ಪಿ ಇಲ್ಲ.

ಇನ್ನು ಅವರ ಕೊನೆಯ ಕೋಟೆ: ‘ನನ್ನ ತೊಟ್ಟಿಯಲ್ಲಿ ಒಂದೂ ಸತ್ತಿಲ್ಲ, ಒಂದು ಗಾಯವೂ ಇಲ್ಲ.’ ಇಡೀ ವಾದ ನಿಂತಿರುವುದು ಇದರ ಮೇಲೆ. ಅಂಥ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕುಳಿತು ನೋಡಿ. ಕನ್ವಿಕ್ಟ್ ಜೋಡಿ ಮಣ್ಣಿನ ಕುಡಿಕೆಯೊಂದನ್ನು ಹಿಡಿದಿದೆ, ಅದರೊಳಗೆ ಮೊಟ್ಟೆಗಳು. ತೊಟ್ಟಿಯ ಮುಕ್ಕಾಲು ಭಾಗ ಖಾಲಿ. ಉಳಿದ ಮೀನುಗಳೆಲ್ಲ ಮೇಲಿನ ಮೂಲೆಯಲ್ಲಿ, ಫಿಲ್ಟರ್ ಪೈಪಿನ ಹಿಂದೆ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ಬಣ್ಣ ಮಾಸಿ ನಿಂತಿವೆ. ಕಾಳು ಹಾಕಿದರೆ ಒಂದು ಮೋಲಿ ಮುಂದೆ ಬರುತ್ತದೆ, ಜೋಡಿಯಲ್ಲಿ ಒಂದು ತಿರುಗಿದ್ದೇ ತಡ ಹಿಂದಕ್ಕೆ ಓಡುತ್ತದೆ. ಯಾವುದಕ್ಕೂ ಗಾಯವಿಲ್ಲ, ಸರಿ. ಸದಾ ಹೆದರಿಕೊಂಡು ತಿನ್ನದೆ ಇರುವ ಮೀನಿಗೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ; ಬಿಳಿ ಚುಕ್ಕೆ ಹತ್ತುತ್ತದೆ, ರೆಕ್ಕೆ ಕೊಳೆಯುತ್ತದೆ. ಆಗ ಯಜಮಾನರು ನೀರನ್ನು ದೂರುತ್ತಾರೆ, ಔಷಧಿ ಸುರಿಯುತ್ತಾರೆ, ಸತ್ತದ್ದನ್ನು ‘ಕಾಯಿಲೆ’ಯ ಲೆಕ್ಕಕ್ಕೆ ಬರೆಯುತ್ತಾರೆ. ಹೀಗೆ ಕಾದಾಟದ ಲೆಕ್ಕ ಸದಾ ಸೊನ್ನೆಯಾಗಿಯೇ ಉಳಿಯುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಇವರೇ ಒಂದು ಉಸಿರಿನಲ್ಲಿ ‘ಪ್ರತಿ ಮೀನಿನ ಸ್ವಭಾವ ಬೇರೆ, ಸಾರಾಸಗಟಾಗಿ ಹೇಳಬಾರದು’ ಎನ್ನುತ್ತಾರೆ. ಮರು ಉಸಿರಿನಲ್ಲಿ ‘ನನ್ನ ಆಸ್ಕರ್ ಸಾಧು, ನೀವೂ ತನ್ನಿ’ ಎನ್ನುತ್ತಾರೆ. ಪ್ರತಿಯೊಂದರ ಸ್ವಭಾವ ಬೇರೆಯಾದರೆ ಅವರ ಆಸ್ಕರ್‌ನಿಂದ ನನ್ನ ಆಸ್ಕರ್ ಬಗ್ಗೆ ಏನೂ ತಿಳಿಯುವುದಿಲ್ಲ. ಎರಡರಲ್ಲಿ ಒಂದನ್ನು ಅವರು ಕೈಬಿಡಲೇಬೇಕು.

‘ತೊಂದರೆಯಾದರೆ ಆಗ ತೆಗೆದರಾಯಿತು’ ಎಂಬುದು ಉಳಿಯಿತು. ತೆಗೆದು ಎಲ್ಲಿಗೆ? ಒಂದಡಿಯ ಆಸ್ಕರ್‌ಗೆ ಕನಿಷ್ಠ ನಾಲ್ಕಡಿಯ ತೊಟ್ಟಿ ಬೇಕು; ಬೆಳೆದ ಮೀನನ್ನು ವಾಪಸ್ ತೆಗೆದುಕೊಳ್ಳುವ ಅಂಗಡಿಗಳು ಕಡಿಮೆ. ಆಗ ಕೆಲವರಿಗೆ ನೆನಪಾಗುವುದು ಊರ ಕೆರೆ. ಅಕ್ವೇರಿಯಂ ಮೂಲಕ ಬಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇವತ್ತು ಪೂರ್ವ ಕೋಲ್ಕತ್ತದ ಜೌಗುನೆಲದಲ್ಲಿ ಮೀನುಗಾರರ ಬಲೆ ತುಂಬುತ್ತಿದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಅದು ತಾನಾಗಿ ಈಜಿಕೊಂಡು ಅಲ್ಲಿಗೆ ಬಂದದ್ದಲ್ಲ.

ಆಸ್ಕರ್ ಸೊಗಸಾದ ಮೀನು. ಕನ್ವಿಕ್ಟ್ ಮರಿ ಕಾಯುವುದನ್ನು ನೋಡುವುದೇ ಒಂದು ಸುಖ. ಸಾಕುವ ಆಸೆಯಿದ್ದರೆ ಅವಕ್ಕೆಂದೇ ಬೇರೆ ತೊಟ್ಟಿ ಇಡಿ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಎರಡೇ ಪ್ರಶ್ನೆ ಕೇಳಿ: ಇದು ಬೆಳೆದರೆ ಎಷ್ಟು ಉದ್ದವಾಗುತ್ತದೆ, ಮೊಟ್ಟೆ ಇಡುವಾಗ ಹೇಗೆ ವರ್ತಿಸುತ್ತದೆ? ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ನಿಮ್ಮ ತೊಟ್ಟಿಯ ಮೂಲೆಯಲ್ಲಿ ಈಗಾಗಲೇ ರೆಕ್ಕೆ ಮುದುರಿ ನಿಂತ ಮೀನಿದ್ದರೆ, ಅದನ್ನು ಅಟ್ಟುತ್ತಿರುವ ಮೀನನ್ನು ಇವತ್ತೇ ಬೇರೆ ಮಾಡಿ.